ಸಾಳುಂಕಿ ಕುಡಿದ ಪಾಕ

ನಿನ್ನೆಗೆ ಪಕ್ಕದ ಮನೆಯ ಆಪಾ ತೀರಿಕೊಂಡು ನಲವತ್ತನೆಯ ದಿನ. ನಿಪ್ಪಾಣಿಯಿಂದ ಅವರ ತಮ್ಮನ ಸೊಸೆ ಬಂದು, ಮನೆ ತೆರೆದು ಗುಡಿಸಿ, ಫಾತಿಹಾ ಓದಿಸಿ, ನಮ್ಮ ಮನೆಗೂ ಒಂದು ತಟ್ಟೆ ಸಿಹಿ ಅನ್ನ ಕಳಿಸಿದಳು. ಕೇಸರಿ ಬಣ್ಣದ ಅಕ್ಕಿ, ಮೇಲೆ ಗೋಡಂಬಿ, ಅಥಣಿ ಕಡೆಯ ಒಣದ್ರಾಕ್ಷಿ. ನಾನು ಎರಡು ಚಮಚ ತಿಂದು ತಟ್ಟೆಯನ್ನು ಮಗಳ ಕಡೆ ಸರಿಸಿದೆ. ನನಗೆ ಸಕ್ಕರೆ ಬೇನೆ. ಆಪಾ ಇದ್ದಿದ್ದರೆ ಅಷ್ಟನ್ನೂ ಒಬ್ಬರೇ ಮುಗಿಸಿ, ಬೆರಳಿಗೆ ಹತ್ತಿದ ತುಪ್ಪವನ್ನೂ ಬಿಡುತ್ತಿರಲಿಲ್ಲ. ಎಪ್ಪತ್ತು ದಾಟಿದರೂ ಅವರ ರಕ್ತದಲ್ಲಿ ಸಕ್ಕರೆ ಕಾಣಿಸಿಕೊಳ್ಳಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಹೊಟ್ಟೆಯಲ್ಲಿ ಸಣ್ಣಗೆ ಉರಿಯುತ್ತದೆ. ಸತ್ತವರ ಬಗ್ಗೆ ಹೀಗೆ ಬರೆಯಬಾರದು, ಗೊತ್ತು. ಆದರೆ ಹೊಟ್ಟೆಕಿಚ್ಚನ್ನು ಬದಿಗಿಟ್ಟು ಅವರ ಬಗ್ಗೆ ಬರೆಯಲು ಕೂತರೆ ನನ್ನ ಹತ್ತಿರ ಏನೂ ಉಳಿಯುವುದಿಲ್ಲ.

ಅವರು ರಾಯಬಾಗದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವರು. ಮದುವೆ ಆಗಿರಲಿಲ್ಲ. ನಿವೃತ್ತಿಯಾದ ಮೇಲೆ ಏಕಸಂಬಿಗೆ ಬಂದು, ನಮ್ಮ ಮನೆಗೆ ಹತ್ತಿಕೊಂಡಿದ್ದ ಹಳೆಯ ಮನೆಯನ್ನು ತೆಗೆದುಕೊಂಡರು. ನಡುವೆ ಎದೆ ಎತ್ತರದ ಒಂದು ಗೋಡೆ. ಬಂದ ಮೊದಲ ವಾರವೇ ಗೋಡೆಯ ಮೇಲೆ ಮೊಣಕೈ ಊರಿ, "ವೈನಿ, ನಿಮ್ಮ ಮನ್ಯಾಗ ಒಂದ ವಾಟಿ ಸಕ್ಕರಿ ಇದ್ರ ಕೊಡ್ರಿ, ಚಾ ಕುದ್ಯಾಕತ್ತೈತಿ" ಅಂದರು. ವೈನಿ ಅಂದರೆ ಅತ್ತಿಗೆ; ಮೊದಲ ದಿನದಿಂದಲೇ ನನ್ನನ್ನು ಹಾಗೆ ಕರೆದರು. ಕೊಟ್ಟೆ. ಆ ವಾಟಿ ಎರಡು ದಿನಕ್ಕೆ ಮುಗಿಯಿತು ಎಂದು ಅವರೇ ನಗುತ್ತ ಹೇಳಿದಾಗ ನಾನು ನಂಬಲಿಲ್ಲ. ಒಬ್ಬ ಹೆಂಗಸು, ಎರಡು ದಿನ, ಒಂದು ವಾಟಿ. ಆಮೇಲೆ ಕಣ್ಣಾರೆ ಕಂಡೆ. ಸಣ್ಣ ಕಪ್ಪಿನ ಚಹಾಕ್ಕೆ ನಾಲ್ಕು ಚಮಚ. ಕಲಕಿದ ಮೇಲೂ ತಳದಲ್ಲಿ ಉಳಿದದ್ದನ್ನು ಚಮಚದಿಂದ ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಒಣಕಲು ಮೈ, ಚುರುಕು ಕುತ್ತಿಗೆ. ಮಾತಾಡುವಾಗ ತಲೆಯನ್ನು ಚಟಚಟ ಅತ್ತಿತ್ತ ತಿರುಗಿಸುತ್ತಿದ್ದರು. ನಮ್ಮ ಮನೆಯವರು ಅವರಿಗೆ ಇಟ್ಟ ಹೆಸರು "ಹೂಗುಬ್ಬಿ ಮಾಸ್ತರಬಾಯಿ".

ಹೂಗುಬ್ಬಿ ಅಂದರೆ ಪುಸ್ತಕದ ಸೂರಕ್ಕಿ. ಹೆಬ್ಬೆರಳಿನಷ್ಟು ದೊಡ್ಡದು, ಬಾಗಿದ ಉದ್ದ ಕೊಕ್ಕು, ಗಂಡಿನ ಮೈ ಬಿಸಿಲಿಗೆ ನೇರಳೆ ಹೊಳೆಯುತ್ತದೆ. ಆಪಾ ಅವರ ಹಿತ್ತಲಿನ ದಾಸವಾಳಕ್ಕೆ, ಬಾಳೆಯ ಹೂವಿಗೆ ಅದು ದಿನವೂ ಬರುತ್ತಿತ್ತು. ಒಂದು ವರ್ಷ ಅವರ ಅರಿವೆ ಒಣಹಾಕುವ ಹಗ್ಗಕ್ಕೇ ಗೂಡು ಕಟ್ಟಿತು. ನಾರು, ಜೇಡರ ಬಲೆ, ಒಣ ಎಲೆ ಸೇರಿಸಿ ಜೋತುಬಿಟ್ಟ ಒಂದು ಸಣ್ಣ ಚೀಲ. ಮರಿ ಹಾರಿಹೋಗುವ ತನಕ ಆಪಾ ಆ ಹಗ್ಗ ಮುಟ್ಟಲಿಲ್ಲ. ಒದ್ದೆ ಅರಿವೆಯ ಬುಟ್ಟಿ ಹಿಡಿದು ನಮ್ಮ ಮಾಳಿಗೆಗೆ ಬರುತ್ತಿದ್ದರು. "ವೈನಿ, ನನ್ನ ಹಗ್ಗದ ಮ್ಯಾಲ ಬಾಳಂತಿ ಅದಾಳ. ನಿಮ್ಮಲ್ಲೆ ಒಣಹಾಕ್ಲಾ?" ನಾನು ಹಗ್ಗ ತೋರಿಸಿದೆ. ಆದರೆ ಒಂದೇ ಬೀದಿ, ಒಂದೇ ಗೋಡೆ, ನನ್ನ ಹಗ್ಗವೂ ನೈಲಾನಿನದೇ. ಅದಕ್ಕೆ ಬಾರದ ಹಕ್ಕಿ ಅವರ ಹಗ್ಗಕ್ಕೆ ಹೋಯಿತಲ್ಲ ಎಂಬ ಮಾತು ಅರಿವೆಗೆ ಚಿಮಟಿ ಹಾಕುವಾಗೆಲ್ಲ ನನ್ನನ್ನು ಚಿವುಟುತ್ತಿತ್ತು.

ಇಷ್ಟಾಗಿದ್ದರೆ ಸಹಿಸಬಹುದಿತ್ತು. ಹಕ್ಕಿಯ ಹಿಂದೆಯೇ ಮಗಳೂ ಆ ಕಡೆ ಹೋದಳು.

ಅಕ್ಷತಾ ಆಗ ಎಂಟನೆಯ ತರಗತಿ. ಗಣಿತದ ನೆವ ಹೇಳಿ ಗೋಡೆ ಜಿಗಿಯುವವಳು ಊಟದ ಹೊತ್ತಿಗೇ ತಿರುಗಿ ಬರುತ್ತಿದ್ದಳು. ಆಪಾ ಅವಳಿಗೆ ಒಂದು ಕೆಲಸ ಹಚ್ಚಿದರು. ಒಂದು ತಿಂಗಳು, ದಿನಾ ಬೆಳಿಗ್ಗೆ, ಯಾವ ಹಕ್ಕಿ ಬಂತು, ಏನು ತಿಂದಿತು ಎಂದು ಬರೆಯಬೇಕು. ಮಗಳು ನಾಲ್ಕು ದಿನ ಬರೆದು ಬೇಜಾರಾಗಿ ಬಿಟ್ಟಳು. ನನಗೆ ಅರ್ಧಕ್ಕೆ ಬಿಟ್ಟ ಕೆಲಸ ಕಂಡರೆ ಆಗುವುದಿಲ್ಲ. ನಮ್ಮ ಅಡುಗೆಮನೆಯ ಕ್ಯಾಲೆಂಡರಿನ ಚೌಕಗಳಲ್ಲಿ ನಾನು ಮೊದಲಿಂದಲೂ ಬರೆದಿಡುವವಳು: ಹಾಲು ಎಷ್ಟು, ನಳದ ನೀರು ಯಾವಾಗ ಬಂತು, ಸಿಲಿಂಡರ್ ಯಾವತ್ತು ಹಚ್ಚಿದೆ. ಅದರ ಕೆಳಗೆ ಹಕ್ಕಿಗೂ ಒಂದು ಸಾಲು ಸೇರಿತು. "ಗುಬ್ಬಿ ಆರು, ಜೋಳದ ನುಚ್ಚು." "ಸಾಳುಂಕಿ ಎರಡು, ದ್ರಾಕ್ಷಿ." ಸಾಳುಂಕಿ ಅಂದರೆ ಮೈನಾ, ನಮ್ಮಲ್ಲಿ ಹಾಗೇ ಅನ್ನುತ್ತಾರೆ. ತಿಂಗಳ ಕೊನೆಗೆ ಮಗಳು ಅದನ್ನು ತನ್ನ ವಹಿಗೆ ಇಳಿಸಿಕೊಂಡು ಆಪಾಗೆ ತೋರಿಸಿದಳು. ನಾನು ಗೋಡೆಯ ಈಚೆ ಪಾತ್ರೆ ತಿಕ್ಕುತ್ತಿದ್ದೆ. "ಏನ ಕಣ್ಣ ಐತಿ ಬೇಟಾ ನಿಂದು" ಎಂದು ಆಪಾ ಅನ್ನುವುದು ಕೇಳಿಸಿತು. ಮಗಳು ಏನಾದರೂ ಅನ್ನುತ್ತಾಳೆ ಎಂದು ನಳ ಬಂದ್ ಮಾಡಿ ಕಾದೆ. ಅವಳು ಏನೂ ಅನ್ನಲಿಲ್ಲ.

ಮರುದಿನ ಆಪಾ ಚಹಾಕ್ಕೆ ನಮ್ಮ ಅಡುಗೆಮನೆಗೆ ಬಂದರು. ಗೋಡೆಯ ಕ್ಯಾಲೆಂಡರಿನ ಮುಂದೆ ಕಪ್ಪು ಹಿಡಿದು ನಿಂತವರು ಬಹಳ ಹೊತ್ತು ಓದಿದರು. ಮಗಳ ಬಗ್ಗೆ ಏನೂ ಹೇಳಲಿಲ್ಲ. "ವೈನಿ, ತಿಂಗಳಾ ಮುಗದ ಮ್ಯಾಲ ಈ ಹಾಳಿ ಏನ ಮಾಡ್ತೀರಿ?" ಎಂದು ಕೇಳಿದರು.

"ಏನ ಮಾಡೂದ್ರಿ, ಡಬ್ಬಿ ತಳಕ್ಕ ಹಾಸ್ತೀನಿ."

"ಒಗೀಬ್ಯಾಡ್ರಿ. ನನಗ ಕೊಡ್ರಿ."

ಅವರಿಗೂ ಡಬ್ಬಿಗಳು ಇರುತ್ತವಲ್ಲ, ತಳಕ್ಕೆ ಹಾಸಲಿಕ್ಕೆ ಬೇಕೇನೋ ಎಂದುಕೊಂಡೆ. ಅಂದಿನಿಂದ ಪ್ರತಿ ತಿಂಗಳು ಮುಗಿದ ಹಾಳೆಯನ್ನು ಹರಿದು ಗೋಡೆಯಾಚೆ ಕೊಡುವುದು ರೂಢಿಯಾಯಿತು. ಹಕ್ಕಿಯ ಸಾಲು ಬರೆಯುವುದನ್ನೂ ನಾನು ನಿಲ್ಲಿಸಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ.

ನನಗೆ ಸಕ್ಕರೆ ಬೇನೆ ಎಂದು ಚಿಕ್ಕೋಡಿಯ ಡಾಕ್ಟರು ಹೇಳಿದ ದಿನ ಆಪಾ ಬಂದು ಕೂತದ್ದು ನೆನಪಿದೆ. ಬೇರೆಯವರಾಗಿದ್ದರೆ ಬೇವು, ಮೆಂತ್ಯ, ನೇರಳೆ ಬೀಜ ಎಂದು ಹೇಳುತ್ತಿದ್ದರು. ಇವರು ಹಕ್ಕಿಯ ವಿಷಯ ತೆಗೆದರು.

"ಹೂಗುಬ್ಬಿ ರಕ್ತದಾಗ ಎಷ್ಟ ಸಕ್ಕರಿ ಇರತೈತಿ ಗೊತ್ತೇನ್ರಿ ವೈನಿ? ಅಷ್ಟ ನಮಗ ಇದ್ರ ದವಾಖಾನಿ ಕಾಟ್ ಬಿಟ್ಟ ಏಳಾಕ ಆಗೂದಿಲ್ಲ. ಅದಕ್ಕ ಏನೂ ಆಗೂದಿಲ್ಲ. ಕುಡದ ಸಕ್ಕರಿ ಘಳಿಗ್ಯಾಗ ರೆಕ್ಕಿಗೆ ಹೋಗಿ ಉರದ ಬಿಡತೈತಿ. ಉಳದ ನೀರ ಮೂತ್ರಪಿಂಡ ಹೊರಗ ಹಾಕತೈತಿ, ಉಪ್ಪ ಮಾತ್ರ ಹಿಡಕೊಂತೈತಿ."

"ನಾ ಏನ ರೆಕ್ಕಿ ಹಚ್ಕೊಂಡ ಹಾರ್ಲೇನ್ರಿ ಈಗ?"

"ಹಾರಬ್ಯಾಡ್ರಿ, ಬಸ್‌ಸ್ಟ್ಯಾಂಡ ತನಕ ನಡೀರಿ. ನಾನೂ ಬರ್ತೀನಿ." ಹೀಗೆಂದು, ನಾನು ಮುಟ್ಟಬಾರದ ಚಹಾದ ಕಪ್ಪಿನ ತಳವನ್ನು ಚಮಚದಿಂದ ಕೆರೆದುಕೊಂಡರು.

ಎರಡು ವರ್ಷ ನಾವು ಬೆಳಿಗ್ಗೆ ಜೋಡಿಯಾಗಿ ನಡೆದೆವು. ದಾರಿಯುದ್ದ ಎರಡೂ ಬದಿಗೆ ಕಬ್ಬು. ನಡೆಯುತ್ತ ಅವರು ಹೇಳಿದ್ದರಲ್ಲಿ ನನಗೆ ಬಹಳ ಹಿಡಿಸಿದ್ದು ನಾಲಿಗೆಯ ಮಾತು. ಹಕ್ಕಿಗಳ ಮೂಲದವರು ಮಾಂಸ ತಿನ್ನುವವರು, ಅವಕ್ಕೆ ಸಿಹಿ ಬೇಕಾಗಲಿಲ್ಲ, ಹಾಗಾಗಿ ಹಕ್ಕಿಯ ಕುಲವೇ ಸಿಹಿಯ ರುಚಿ ಕಳೆದುಕೊಂಡಿತು ಎಂದರು. ಕೋಳಿಗೆ ಇವತ್ತಿಗೂ ಸಿಹಿ ಗೊತ್ತಾಗುವುದಿಲ್ಲವಂತೆ. "ಮತ್ತ ಹೂಗುಬ್ಬಿಗ ಹ್ಯಾಂಗ ಗೊತ್ತಾಗತೈತ್ರಿ?" ಎಂದೆ. ಅವರು ರಸ್ತೆಯ ನಡುವೆಯೇ ನಿಂತುಬಿಟ್ಟರು. ಹೇಳಲು ಖುಷಿಯಾದರೆ ಅವರಿಗೆ ನಡೆಯಲು ಆಗುತ್ತಿರಲಿಲ್ಲ. "ಕಳಕೊಂಡ ಕೀಲಿಕೈ ತಿರಗಿ ಸಿಗಲಿಲ್ಲ ವೈನಿ. ಮಾಂಸದ ರುಚಿ ಹಿಡಿಯೂ ಕೀಲಿಕೈ ಒಂದ ಇತ್ತಲ್ಲ, ಅದನ್ನ ಅರದಿಂದ ತಿಕ್ಕಿ ತಿಕ್ಕಿ, ಸಕ್ಕರಿ ಕೀಲಿ ತಗಿಯೂಹಂಗ ಮಾಡ್ಕೊಂಡ್ವು. ಎಷ್ಟ ಲಕ್ಷ ವರ್ಷ ಹಿಡೀತೋ ಏನೋ." ಹಿಂದೆ ಕಬ್ಬಿನ ಟ್ರ್ಯಾಕ್ಟರು ಹಾರ್ನು ಹೊಡೆಯುತ್ತಿತ್ತು. ಅವರಿಗೆ ಕೇಳಿಸಲಿಲ್ಲ. ನಾನು ರಟ್ಟೆ ಹಿಡಿದು ಬದಿಗೆ ಎಳೆದೆ.

ಇಷ್ಟು ಚೆಂದ ಹೇಳಲು ಬರುವ ಬಾಯಿ ಪಕ್ಕದ ಮನೆಯಲ್ಲಿದ್ದರೆ ಯಾವ ಮಗಳು ತಾಯಿಯ ಹತ್ತಿರ ಕೂರುತ್ತಾಳೆ? ಚಿಕ್ಕೋಡಿಯ ಕಾಲೇಜಿನಲ್ಲಿ ಅಕ್ಷತಾ ಪ್ರಾಣಿಶಾಸ್ತ್ರ ತೆಗೆದುಕೊಂಡಳು. ಬಸ್ಸಿಳಿದು ಬರುವವಳ ಚಪ್ಪಲಿ ಸದ್ದು ನಮ್ಮ ಬಾಗಿಲಿಗೆ ಬಂದು, ದಾಟಿ, ಆ ಬಾಗಿಲಿಗೆ ನಿಲ್ಲುತ್ತಿತ್ತು. ಮುಂದೆ ಧಾರವಾಡಕ್ಕೆ ಹೋದ ಮೇಲೆ ಫೋನೂ ಅದೇ ದಾರಿ ಹಿಡಿಯಿತು. ಮೊದಲು ಅಲ್ಲಿ ಗಂಟೆಗಟ್ಟಲೆ, ಆಮೇಲೆ ನನಗೆ, "ಅವ್ವಾ, ಊಟ ಆತು, ಆರಾಮ ಅದೀನಿ."

ಆ ದಿನಗಳಲ್ಲೇ ನಾನು ಗೋಡೆಯ ಈಚೆಗೆ ಎರಡು ದಾಸವಾಳ ನೆಟ್ಟೆ. ಒಂದು ಕೆಂಪು, ಒಂದು ಗುಲಾಬಿ. ಹೂ ಬಿಟ್ಟವು. ಚಿಟ್ಟೆ ಬಂತು, ಇರುವೆ ಬಂತು, ಹೂಗುಬ್ಬಿ ಬರಲಿಲ್ಲ. ನನ್ನ ತಲೆಯ ಮೇಲೆಯೇ ಹಾರಿ ಆಚೆ ಹೋಗುತ್ತಿತ್ತು. ಒಂದು ವಾರ ಕಾದೆ, ಒಂದು ತಿಂಗಳು ಕಾದೆ. ಮಗಳು ಯುಗಾದಿಗೆ ಬರುವ ಮುಂಚಿನ ವಾರ, ಹಾಲಿನ ಲೆಕ್ಕ ಬರೆದ ಪೆನ್ನಿನಿಂದಲೇ ಬರೆದುಬಿಟ್ಟೆ: "ಹೂಗುಬ್ಬಿ ನಮ್ಮ ದಾಸವಾಳಕ್ಕೆ ಬಂತು." ಮರುದಿನವೂ ಬರೆದೆ. ಮೂರನೆಯ ದಿನವೂ ಬರೆದೆ. ಮಗಳು ಬಂದವಳು ನೀರು ಕುಡಿಯುತ್ತ ಕ್ಯಾಲೆಂಡರ್ ನೋಡಿ, "ಅವ್ವಾ, ನಮ್ಮ ಕಡೆನೂ ಬರಾಕತ್ತೈತಾ?" ಎಂದು ನನ್ನ ಕೊರಳಿಗೆ ಕೈ ಹಾಕಿದಳು. ಎಷ್ಟು ವರ್ಷವಾಗಿತ್ತೋ ಅವಳು ಹಾಗೆ ಕೈ ಹಾಕಿ. ತಿಂಗಳ ಕೊನೆಗೆ ಆ ಹಾಳೆಯೂ ಗೋಡೆ ದಾಟಿತು. ಆಪಾ ಏನೂ ಕೇಳಲಿಲ್ಲ. ನಂಬಿದರು ಎಂದುಕೊಂಡೆ.

ಇನ್ನೊಂದು ಸಲ ನಿಜ ಬರೆದಾಗ ನಂಬಲಿಲ್ಲ.

ಧಾರವಾಡದಲ್ಲಿ ಮಗಳ ಮೊದಲ ವರ್ಷದ ರಿಸಲ್ಟ್ ಬಂದಾಗ ಗುಲಾಬ್ ಜಾಮೂನು ಮಾಡಿದ್ದೆ. ಜಾಮೂನು ತೀರಿತು, ಪಾಕ ಉಳಿಯಿತು. ಚೆಲ್ಲಲು ಮನಸ್ಸು ಬರದೆ, ಹುಳಿ ಹಿಡಿಯಬಾರದೆಂದು ಒಂದು ದಿನ ಬಿಟ್ಟು ಒಂದು ದಿನ ಕುದಿಸಿಟ್ಟೆ. ನಾಲ್ಕೈದು ಸಲ ಕುದಿಸಿದ ಮೇಲೂ ಯಾರಿಗೂ ಬೇಡವಾದಾಗ, ನೀರು ಬೆರೆಸಿ ಹಿತ್ತಲಿನ ಮಣ್ಣಿನ ಬಟ್ಟಲಿಗೆ ಹೊಯ್ದೆ. ಸಾಳುಂಕಿ ಜೋಡಿ ಬಂದು, ಕೊಕ್ಕು ಅದ್ದಿ, ತಲೆ ಎತ್ತಿ ಗಂಟಲಿಗೆ ಇಳಿಸಿ, ಮತ್ತೆ ಅದ್ದಿದವು. ಎಂದಿನಂತೆ ಬರೆದೆ: "ಸಾಳುಂಕಿ ಎರಡು, ಪಾಕ ಕುಡಿದವು."

ಧಾರವಾಡದಲ್ಲಿ ಅಕ್ಷತಾ ಮಾಡುತ್ತಿದ್ದ ಪ್ರಾಜೆಕ್ಟ್ ಅದೇ ವಿಷಯದ್ದು, ಸಕ್ಕರೆ ಮತ್ತು ಹಕ್ಕಿ. ದೀಪಾವಳಿ ರಜೆಗೆ ಬಂದವಳು ಆಪಾ ಅವರ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದಳು. ನಾನು ಚಕ್ಕುಲಿ ತಟ್ಟೆ ಹಿಡಿದು ಹೋಗಿದ್ದೆ. ಸಾಳುಂಕಿಯ ಜಾತಿಯ ಹಕ್ಕಿಗಳು ಸಕ್ಕರೆ ನೀರು ಕುಡಿಯುವುದಿಲ್ಲ ಎಂದಳು. ಕಬ್ಬಿನ ಸಕ್ಕರೆ ಅಂದರೆ ಎರಡು ಸಣ್ಣ ಸಕ್ಕರೆಗಳು ಕೈ ಹಿಡಿದುಕೊಂಡಂತೆ. ಅದನ್ನು ಕತ್ತರಿಸಿ ಎರಡು ಮಾಡುವ ಕತ್ತರಿ ಹೂಗುಬ್ಬಿಯ ಕರುಳಿನಲ್ಲಿದೆ, ಸಾಳುಂಕಿಯ ಕರುಳಿನಲ್ಲಿಲ್ಲ. ಕುಡಿದರೆ ಹೊಟ್ಟೆ ಕೆಡುತ್ತದೆ. ದ್ರಾಕ್ಷಿಯ ಸಿಹಿ ಮೊದಲೇ ಬೇರೆಬೇರೆಯಾಗಿರುವುದರಿಂದ ಅದು ಆಗುತ್ತದೆ.

"ಹೌದ ಹೌದ" ಎಂದರು ಆಪಾ. "ಅದಕ್ಕ ಸಾಳುಂಕಿ ಕಾಗವಾಡದ ದ್ರಾಕ್ಷಿ ತೋಟಕ್ಕ ಬೀಳತಾವ, ನಮ್ಮ ಕಬ್ಬಿಗೆ ಬರೂದಿಲ್ಲ."

ನನ್ನ ಬಾಯಿ ಸುಮ್ಮನಿರಲಿಲ್ಲ. "ನಮ್ಮಲ್ಲೆ ಕುಡದಾವಲ್ರಿ. ನಾ ಬರದೀನಿ."

ಆಪಾ ತಲೆ ಓರೆ ಮಾಡಿ ನಕ್ಕರು. "ಸಕ್ಕರಿ ನೀರಾ? ನೀರಡಿಸಿರಬೇಕ ವೈನಿ, ಬರೇ ಬಾಯಿ ತೋಯಿಸ್ಕೊಂಡಿರಬೇಕ."

"ಬಟ್ಟಲಾ ಅರ್ಧ ಖಾಲಿ ಆಗಿತ್ರಿ."

ಮಗಳು ಚಕ್ಕುಲಿ ಮುರಿಯುತ್ತ, ನನ್ನ ಮುಖ ನೋಡದೆ ಹೇಳಿದಳು: "ಅವ್ವಾ, ಎಲ್ಲಾದಕ್ಕೂ ಆಪಾನ ಜೋಡಿ ಜಿದ್ದ ಯಾಕ ಮಾಡ್ತಿ?"

ಅವಳು ಮೆತ್ತಗೇ ಹೇಳಿದಳು. ಅದಕ್ಕೇ ಹೆಚ್ಚು ನಾಟಿತು. ತಟ್ಟೆ ಅಲ್ಲೇ ಇಟ್ಟು ಎದ್ದು ಬಂದೆ. ಹತ್ತಿರ ಹತ್ತಿರ ಒಂಬತ್ತು ವರ್ಷ, ತಂಗಿಯ ಬಾಣಂತನಕ್ಕೆ ಅವಳ ಮನೆಗೆ ಹೋದ ದಿನಗಳನ್ನು ಬಿಟ್ಟರೆ ಒಂದು ಚೌಕವನ್ನೂ ನಾನು ಖಾಲಿ ಬಿಟ್ಟವಳಲ್ಲ. ನನ್ನದೆಂದು ಈ ವಿಷಯದಲ್ಲಿ ಇದ್ದದ್ದು ಅದೊಂದೇ. ಅದರಲ್ಲಿ ಮೂರು ಸುಳ್ಳಿತ್ತು, ನಿಜ. ಆದರೆ ಅವರು ಬೊಟ್ಟು ಮಾಡಿದ್ದು ಸುಳ್ಳಿಗಲ್ಲ.

ಮರುದಿನ ಬೆಳಿಗ್ಗೆಯೇ ಬಟ್ಟಲು ತೊಳೆದು, ಅವರಂದ ಹಾಗೆ ಸಕ್ಕರೆ ನೀರು ಕಲಸಿ ಹಿತ್ತಲಲ್ಲಿ ಇಟ್ಟೆ. ಮಗಳನ್ನು ಎಬ್ಬಿಸಿ ಕರೆದುಕೊಂಡು ಬಂದು ಬಾಗಿಲಲ್ಲಿ ಕೂರಿಸಿದೆ. ಸಾಳುಂಕಿ ಬಂತು. ಕೊಕ್ಕು ಅದ್ದಿತು. ತಲೆ ಕೊಡವಿ ಪಕ್ಕದಲ್ಲಿ ಬಿದ್ದಿದ್ದ ಅನ್ನದ ಅಗುಳು ಹೆಕ್ಕಲು ಹೋಯಿತು. ಇನ್ನೊಂದು ಬಂತು, ಬಟ್ಟಲ ಅಂಚಿಗೆ ಕೂತು ಹಿಕ್ಕೆ ಹಾಕಿ ಹಾರಿತು. ಗೋಡೆಯಾಚೆ ಆಪಾ ಹಲ್ಲುಜ್ಜುತ್ತ ನಿಂತಿದ್ದರು, ಎಲ್ಲವನ್ನೂ ನೋಡಿದರು. ಒಂದು ಮಾತು ಚುಚ್ಚಿದ್ದರೆ ನಾನೂ ಏನಾದರೂ ಅಂದು ಹಗುರಾಗುತ್ತಿದ್ದೆ. ಅವರು ಬಾಯಿ ಮುಕ್ಕಳಿಸಿ ಒಳಗೆ ಹೋದರು. ಮಗಳು "ಇರ್ಲಿ ಬಿಡ ಅವ್ವಾ" ಎಂದಳು. ಆ ಮಾತನ್ನು ನಾವು ತಪ್ಪು ಮಾಡಿದ ಮಕ್ಕಳಿಗೆ ಅನ್ನುತ್ತೇವೆ.

ಅಂದಿನಿಂದ ನಾನು ನಡೆಯಲು ಒಬ್ಬಳೇ ಹೋಗತೊಡಗಿದೆ, ಬೇರೆ ಹೊತ್ತಿಗೆ. ತಿಂಗಳ ಹಾಳೆಯನ್ನು ಮಾತ್ರ ತಪ್ಪದೆ ಗೋಡೆಯ ಮೇಲೆ ಇಟ್ಟು, ಗಾಳಿಗೆ ಹಾರದಂತೆ ಕಲ್ಲು ಹೇರುತ್ತಿದ್ದೆ.

ಸಂಕ್ರಮಣದ ಹಿಂದಿನ ದಿನ ಆಪಾ ತಾವಾಗಿಯೇ ಬಂದರು. ನಮ್ಮ ಮನೆಯವರ ಸ್ನೇಹಿತರು ಊಟಕ್ಕೆ ಬರುವವರಿದ್ದರು, ನಾನು ಜಾಮೂನಿನ ಪಾಕ ಕುದಿಸುತ್ತಿದ್ದೆ. ಅವರು ಬಾಗಿಲಿಗೆ ಒರಗಿ ನಿಂತು ಮೂಸಿದರು. "ವಾಸನಿ ಗೋಡಿ ದಾಟಿ ಬಂತ ವೈನಿ. ತಡಕೊಳ್ಳಾಕ ಆಗಲಿಲ್ಲ."

"ಕೂಡ್ರಿ" ಎಂದೆ, ತಿರುಗಿ ನೋಡದೆ. ಒಂದು ನಿಂಬೆಹಣ್ಣು ಹೆಚ್ಚಿ ಪಾಕಕ್ಕೆ ಹಿಂಡಿದೆ.

"ಅದೇನ ಹಾಕಿದ್ರಿ?"

ಆಪಾ ಅವರಿಗೆ ಅಡುಗೆ ಬರುತ್ತಿರಲಿಲ್ಲ ಎಂದು ಈ ತನಕ ಹೇಳಿಲ್ಲ. ಸಿಹಿ ತಿನ್ನುವುದಷ್ಟೇ ಗೊತ್ತು, ಮಾಡುವುದು ಗೊತ್ತಿಲ್ಲ. ಈದಿನ ಶೀರ್‌ಕುರ್ಮಾ ಕೂಡ ನಿಪ್ಪಾಣಿಯಿಂದ ಡಬ್ಬಿಯಲ್ಲಿ ಬರುತ್ತಿತ್ತು. ಇದೊಂದರಲ್ಲಿ ನಾನು ಅವರಿಗಿಂತ ಮೇಲು ಎಂದು ಯಾವಾಗಲೂ ಒಳಗೊಳಗೇ ಕುಣಿಯುತ್ತಿದ್ದೆ. ಆವತ್ತೂ ಸ್ವಲ್ಪ ಜಂಬದಿಂದಲೇ ಹೇಳಿದೆ: "ಲಿಂಬಿಹಣ್ಣ ಹಿಂಡಲಿಲ್ಲಂದ್ರ ಪಾಕ ಹರಳಗಟ್ಟತೈತ್ರಿ. ನಮ್ಮ ಮನ್ಯಾಗ ಲಿಂಬಿ ಇಲ್ದ ಪಾಕನ ಮಾಡೂದಿಲ್ಲ."

"ಎಂದೂ?"

"ಎಂದೂ. ನಮ್ಮತ್ತಿ ಕಾಲದಿಂದ."

ಅವರ ತಲೆ ಚಟಕ್ಕನೆ ನನ್ನ ಕಡೆ ತಿರುಗಿ ಅಲ್ಲೇ ನಿಂತಿತು. ಅಷ್ಟು ಹೊತ್ತು ಅದು ಅಲ್ಲಾಡದೆ ಇದ್ದದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಮೆಲ್ಲಗೆ, "ನನಗ ಒಂದ ವಾಟಿ ಪಾಕ ಕೊಡ್ತೀರೇನ್ರಿ? ಬರೇ ಪಾಕ. ಜಾಮೂನ ಬ್ಯಾಡ" ಎಂದರು. ತಡೆದು, "ಉಳಿದದ್ದ ಇದ್ರ ಅದನ್ನೂ ಕೊಡ್ರಿ. ಕುದಿಸಿಟ್ಟಿದ್ದ" ಎಂದು ಸೇರಿಸಿದರು.

ಹೋದ ವಾರದ ಊಟದ್ದು ಒಂದಿಷ್ಟು, ಎರಡು-ಮೂರು ಸಲ ಕುದಿಸಿಟ್ಟದ್ದು, ಡಬ್ಬಿಯಲ್ಲಿತ್ತು. ಎರಡನ್ನೂ ಕೊಟ್ಟೆ. ಸೆರಗಿನಲ್ಲಿ ಮುಚ್ಚಿಕೊಂಡು, ಒಂದು ತೊಟ್ಟೂ ಚೆಲ್ಲದ ಹಾಗೆ, ಹೆಜ್ಜೆ ಎಣಿಸಿದಂತೆ ನಡೆದು ಹೋದರು. ರಾತ್ರಿ ಊಟಕ್ಕೆ ಕೂತಾಗ ನಮ್ಮ ಮನೆಯವರಿಗೆ ಹೇಳಿದೆ, "ಮುದುಕಿ ಬರೇ ಪಾಕ ಕುಡ್ಯಾಕ ಚಾಲೂ ಮಾಡ್ಯಾಳ ನೋಡ್ರಿ." ಹೇಳಿ ನಕ್ಕೆ. ಸಕ್ಕರೆ ಬೇನೆಯಿಂದ ಬಂದ ನನ್ನ ಕಾಲಿನ ಉರಿಗೆ ಎರಡು ಗುಳಿಗೆ ನುಂಗಿ ನಕ್ಕೆ.

ಅದಾದ ಹನ್ನೆರಡನೆಯ ದಿನ ಬೆಳಿಗ್ಗೆ ಆಪಾಗೆ ಎದೆನೋವು ಬಂತು. ನಮ್ಮ ಮನೆಯವರೇ ಗಾಡಿಯಲ್ಲಿ ಮಲಗಿಸಿಕೊಂಡು ಮಿರಜದ ಕಡೆ ಹೊರಟರು. ಹಿಂದಿನ ಸೀಟಿನಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. ಶೇಡಬಾಳ ದಾಟುವಾಗ ಒಮ್ಮೆ ಕಣ್ಣು ತೆರೆದು, "ವೈನಿ, ಅಕ್ಷತಾಗ ನಾ ಫೋನ ಮಾಡ್ಬೇಕು" ಎಂದರು. "ಆಮ್ಯಾಲ ಮಾಡೂಣಂತ್ರಿ" ಎಂದೆ. ಆ ಹೊತ್ತಿನಲ್ಲೂ ಅವರ ಬಾಯಿಗೆ ಬಂದದ್ದು ನನ್ನ ಮಗಳ ಹೆಸರು, ಅದೂ ಫೋನಿನ ಮಾತು. ನನಗೆ ಏನನ್ನಿಸಿತು ಎಂದು ಬರೆಯುವುದಿಲ್ಲ. ಆ 'ಆಮೇಲೆ' ಬರಲೇ ಇಲ್ಲ.

ನಿನ್ನೆ ಸಿಹಿ ಅನ್ನದ ತಟ್ಟೆಯ ಹಿಂದೆಯೇ ತಮ್ಮನ ಸೊಸೆ ಒಂದು ಗಂಟು ತಂದಳು. ಹಳೆಯ ಓಢಣಿಯಲ್ಲಿ ಕಟ್ಟಿದ್ದು. "ಇದರ ಮ್ಯಾಲ 'ವೈನಿಗೆ' ಅಂತ ಚೀಟಿ ಐತ್ರಿ. ನಮಗ ಏನೂ ತಿಳೀಲಿಲ್ಲ. ಬರೇ ಕ್ಯಾಲೆಂಡರ ಹಾಳಿ."

ಮಗಳೂ ನಾನೂ ಅಡುಗೆಮನೆಯ ನೆಲದ ಮೇಲೆ ಬಿಚ್ಚಿದೆವು. ಡಬ್ಬಿಯ ತಳಕ್ಕೆ ಹೋಗಿವೆ ಎಂದುಕೊಂಡಿದ್ದ ಹಾಳೆಗಳು ಒಂದೂ ಹೋಗಿರಲಿಲ್ಲ. ವರ್ಷದ ಪ್ರಕಾರ ಜೋಡಿಸಿ, ಮೂಲೆಗೆ ದಾರ ಪೋಣಿಸಿತ್ತು. ಪ್ರತಿ ಹಾಳೆಯ ಬುಡದಲ್ಲಿ ಮಾಸ್ತರರು ಮಕ್ಕಳ ವಹಿಗೆ ಬರೆಯುವಂತೆ ಕೆಂಪು ಶಾಯಿಯಲ್ಲಿ "ನೋಡಿದೆ", ಕೆಳಗೆ ಸಹಿ. ಮೊದಲನೆಯ ಹಾಳೆಯ ಅಂಚಿನಲ್ಲಿ ಒಂದು ಸಾಲು: "ಕಣ್ಣು ತಾಯಿಯದು. ನನಗೆ ಗೊತ್ತಾಯಿತೆಂದು ಹುಡುಗಿಗೆ ತಿಳಿಯದಿರಲಿ, ಕಲಿಯಲಿ." ಮಗಳು ಅದನ್ನು ಓದಿ ನನ್ನ ಕಡೆ ನೋಡಲಿಲ್ಲ; ಹಾಳೆ ತಿರುವಿದಳು.

ಸಾಳುಂಕಿಯ ಚೌಕ ಸಿಕ್ಕಿತು. ನನ್ನ ಸಾಲಿನ ಮುಂದೆ ಮೊದಲು ಒಂದು ಪ್ರಶ್ನೆಯ ಗುರುತು ಇತ್ತು, ಅದಕ್ಕೆ ಗೀಟು ಹೊಡೆದಿತ್ತು. ಬದಿಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದರು:

"ವೈನಿ ಬರೆದದ್ದು 'ಪಾಕ'. ನಾನು ಓದಿದ್ದು 'ಸಕ್ಕರೆ ನೀರು'. ಅವರ ಪಾಕದಲ್ಲಿ ನಿಂಬೆ ಇರುತ್ತದೆ. ಹುಳಿ ಹಾಕಿ ಕುದಿಸಿದರೆ ಸಕ್ಕರೆ ಒಲೆಯ ಮೇಲೆಯೇ ಒಡೆದು ಎರಡಾಗುತ್ತದೆ, ಕುದಿಸಿದಷ್ಟೂ ಹೆಚ್ಚು. ಸಾಳುಂಕಿಯ ಹೊಟ್ಟೆಯಲ್ಲಿಲ್ಲದ ಕತ್ತರಿ ಅವರ ಒಲೆಯ ಮೇಲಿತ್ತು. ಮೂರು ಬಟ್ಟಲು ಇಟ್ಟು ನೋಡಿದೆ. ಸಕ್ಕರೆ ನೀರು ಬಿಟ್ಟವು. ಹೊಸ ಪಾಕ ಸ್ವಲ್ಪ. ಹಳೆಯ ಪಾಕ ಕುಡಿದವು. ಒಂಬತ್ತು ದಿನ ನೋಡಿದೆ, ಇನ್ನೂ ನೋಡಬೇಕು. ಅಕ್ಷತಾಗೆ ಹೇಳಬೇಕು. ತಪ್ಪು ಓದಿದವಳದು."

ಮಗಳು ಎರಡು ಸಲ ಓದಿದಳು. ಆಮೇಲೆ ಹಣೆಯನ್ನು ನನ್ನ ಭುಜಕ್ಕೆ ಒತ್ತಿ ಹಾಗೇ ಕೂತಳು. ಇಷ್ಟು ವರ್ಷ ನಾನು ಕಾಯುತ್ತಿದ್ದದ್ದು ಇದನ್ನೇ, ಮತ್ತು ಅದನ್ನೂ ನನ್ನ ಕೈಗೆ ಕೊಟ್ಟವರು ಅವರೇ.

ಅಲ್ಲಿಗೆ ಗಂಟು ಕಟ್ಟಿಬಿಡಬಹುದಿತ್ತು. ಅಕ್ಷತಾ ಬಿಡದೆ ಹಿಂದಿನ ಹಾಳೆಗಳನ್ನು ತಿರುವುತ್ತಿದ್ದಳು. ಆ ಯುಗಾದಿಯ ತಿಂಗಳು ಬಂತು. ಹೂಗುಬ್ಬಿ ನಮ್ಮ ದಾಸವಾಳಕ್ಕೆ ಬಂತೆಂದು ನಾನು ಬರೆದ ಮೂರು ಚೌಕಗಳಲ್ಲೂ ಮೂಲೆಗೆ ಕೆಂಪು ಶಾಯಿಯ ಒಂದೇ ಅಕ್ಷರ: "ಗೈ".

"ಇದೇನವ್ವಾ, ಗೈ?"

ಅವಳಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ಶಾಲೆಯ ಹಾಜರಿ ಪುಸ್ತಕದಲ್ಲಿ, ಬಾರದ ಮಕ್ಕಳ ಹೆಸರಿನ ಮುಂದೆ ಹಾಗೆ ಬರೆಯುತ್ತಾರೆ. ಗೈರುಹಾಜರು. ಆಪಾ ದಿನವೂ ಗೋಡೆಯಾಚೆ ಕೂತು ಅದೇ ಹಕ್ಕಿಯನ್ನು ನೋಡುತ್ತಿದ್ದವರು. ಆ ಮೂರು ದಿನ ಅದು ಎಲ್ಲಿತ್ತೆಂದು ಅವರಿಗೆ ಗೊತ್ತಿತ್ತು. ನಾನು ಕ್ಯಾಲೆಂಡರಿನಲ್ಲಿ ಸುಳ್ಳು ಬರೆಯುತ್ತೇನೆ ಎಂದು ಗೊತ್ತಿದ್ದೇ ಅವರು ನನ್ನ ಸಾಳುಂಕಿಯನ್ನು ನಂಬಿರಲಿಲ್ಲ. ದೀಪಾವಳಿಯ ಆ ದಿನ, ಕಟ್ಟೆಯ ಮೇಲೆ, ನಾನು ಹಟ ಹಿಡಿದಾಗ, ಈ ಒಂದು ಅಕ್ಷರ ಹೇಳಿದ್ದರೆ ನನ್ನ ಕತೆ ಮುಗಿಯುತ್ತಿತ್ತು. ಮಗಳ ಎದುರಿಗೆ ಹೇಳಲಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೆ ಹೇಳುತ್ತಿದ್ದೆ. ಅದೇ ಸಂಜೆ ಹೇಳುತ್ತಿದ್ದೆ.

"ಹೂಗುಬ್ಬಿ ಆವತ್ತ ಬಂದಿರಲಿಲ್ಲ" ಎಂದೆ. "ನಾ ಸುಳ್ಳ ಬರದಿದ್ದೆ. ಮೂರೂ ದಿನ."

ಅಕ್ಷತಾ ಆ ಮೂರು ಚೌಕಗಳ ಮೇಲೆ ಬೆರಳಾಡಿಸಿದಳು. "ಆಪಾ ನನಗ ಎಂದೂ ಹೇಳಲಿಲ್ಲ" ಎಂದಳು.

"ಹೇಳ್ತಿರಲಿಲ್ಲ ಆಕಿ" ಎಂದೆ. ಅಷ್ಟು ವರ್ಷ ರೀ ಹಚ್ಚಿ ಮಾತಾಡಿಸಿದವರಿಗೆ ನನ್ನ ಬಾಯಲ್ಲಿ ಮೊದಲ ಸಲ ಆಕಿ ಬಂತು.

ಇವತ್ತು ಬೆಳಿಗ್ಗೆ ಮಗಳನ್ನು ಧಾರವಾಡದ ಬಸ್ಸಿಗೆ ಹತ್ತಿಸಿ ಬಂದೆ. ಗಂಟಿನಲ್ಲಿದ್ದ ಸಾಳುಂಕಿಯ ಹಾಳೆಯನ್ನು ಕೇಳಿ ತೆಗೆದುಕೊಂಡು ಹೋದಳು. ಉಳಿದದ್ದು ನನ್ನ ಹತ್ತಿರ ಇದೆ. ಆಚೆಯ ಮನೆಗೆ ಮತ್ತೆ ಬೀಗ. ದಾಸವಾಳಕ್ಕೆ ಯಾರೂ ನೀರು ಹಾಕುವವರಿಲ್ಲದ್ದರಿಂದ ನಾನೇ ಗೋಡೆಯ ಮೇಲಿಂದ ಪೈಪು ಬಿಟ್ಟೆ. ನನ್ನ ಗಿಡಗಳಲ್ಲಿ ಹದಿನಾಲ್ಕು ಹೂ ಬಿಟ್ಟಿದ್ದವು, ಆ ಕಡೆ ಒಣಗಿದ ಟೊಂಗೆಯಲ್ಲಿ ಎರಡು. ಡಬ್ಬಿಯಲ್ಲಿದ್ದ ಹಳೆಯ ಪಾಕಕ್ಕೆ ನೀರು ಬೆರೆಸಿ ಹಿತ್ತಲಿನ ಬಟ್ಟಲಿಗೆ ಹೊಯ್ದು, ನೋಡುತ್ತ ನಿಂತೆ. ಕೈ ಒರೆಸಿಕೊಂಡು ಒಳಗೆ ಬಂದು ಚೌಕ ತುಂಬಿದೆ.

"ಹಾಲು ಒಂದು ಲೀಟರ್. ನೀರು ಏಳಕ್ಕೆ ಬಂತು. ಸಾಳುಂಕಿ ನಾಲ್ಕು, ಪಾಕ ಕುಡಿದವು. ಹೂಗುಬ್ಬಿ ಒಂದು, ಆಪಾರ ಕಡೆ."